ಸೀಮೆಸುಣ್ಣದ ಪೆಟ್ಟಿಗೆಯ ಕೋಟೆ

ಪಂಡಿತ ಗಂಗಾಧರಯ್ಯನವರು ತಮ್ಮ ಪುಸ್ತಕಗಳನ್ನು ತೂಕದ ಪ್ರಕಾರ ಜೋಡಿಸಿದ್ದರು. ವಿಷಯ, ಬರೆದವರ ಹೆಸರು, ಅಕಾರಾದಿ, ಯಾವುದೂ ಅವರಿಗೆ ಲೆಕ್ಕಕ್ಕಿರಲಿಲ್ಲ. ಕಪಾಟಿನ ಪಕ್ಕದ ಮೊಳೆಗೆ ರದ್ದಿಯವರು ಹಿಡಿದು ಬರುವಂಥ ಸ್ಪ್ರಿಂಗ್ ತಕ್ಕಡಿಯನ್ನು ತೂಗುಹಾಕಿದ್ದರು. ಹೊಸ ಪುಸ್ತಕ ಬಂದರೆ ಮೊದಲು ತೂಗುವುದು, ಆಮೇಲೆ ಓದುವುದು. ಭಾರದವು ಕೆಳಗೆ, ಹಗುರದವು ಮೇಲೆ. ಹೀಗಾಗಿ ನಿಘಂಟಿನ ಪಕ್ಕ ದನದ ರೋಗಗಳ ಕೈಪಿಡಿ, ವೇದಾಂತದ ಪಕ್ಕ ರೈಲ್ವೆ ವೇಳಾಪಟ್ಟಿ ಕೂತಿರುತ್ತಿದ್ದವು. ಯಾರಾದರೂ ವ್ಯಾಕರಣದ ಪುಸ್ತಕ ಕೇಳಿದರೆ, "ಮುಕ್ಕಾಲು ಕೆ.ಜಿ. ಸಾಲಿನಲ್ಲಿ ನೋಡಿ" ಎನ್ನುತ್ತಿದ್ದರು.

ಬೇರೆ ಊರಿನಲ್ಲಾದರೆ ಇದನ್ನು ಹುಚ್ಚು ಎನ್ನಬಹುದಿತ್ತು. ಕೆ.ಜಿ.ಎಫ್.ನಲ್ಲಿ ಪೂರ್ತಿ ಹಾಗೆನ್ನುವಂತಿರಲಿಲ್ಲ. ಚಿನ್ನದ ಗಣಿಯ ಆಳದಲ್ಲಿ ಬಂಡೆ ಸಿಡಿದರೆ ಮೇಲೆ ನಮ್ಮ ಮನೆಗಳು ನಡುಗುತ್ತಿದ್ದವು. ಅದಕ್ಕೆ ನಾವೆಲ್ಲ ಏರ್ ಬ್ಲಾಸ್ಟ್ ಎನ್ನುತ್ತಿದ್ದೆವು. ಪಾತ್ರೆಯ ಹಲಗೆಗೆ ಅಡ್ಡವಾಗಿ ಹಗ್ಗ ಕಟ್ಟದ ಅಡುಗೆಮನೆ ಆ ಊರಿನಲ್ಲಿರಲಿಲ್ಲ. ಪಂಡಿತರು ಹಗ್ಗವನ್ನೂ ಕಟ್ಟಿದ್ದರು, ತೂಕವನ್ನೂ ಮಾಡಿದ್ದರು.

ಆದರೂ ನನಗೆ ಅವರ ಪರಿಚಯವಾದದ್ದು ತೂಗುವಾಗ ಪುಸ್ತಕ ಕೈಜಾರಿ ಬಿದ್ದೇ. ನಾನು ಆಸ್ಪತ್ರೆಯಲ್ಲಿ ಸಿಸ್ಟರ್ ಆಗಿದ್ದೆ. ಹಾಸನದ ಕಡೆಯವಳು. ಹಾಸಿಗೆಯ ಬಟ್ಟೆಯ ಮೂಲೆ ಮಡಿಸುವುದು ತಪ್ಪಿದರೆ ಇಡೀ ವಾರ್ಡಿನ ಹಾಸಿಗೆಗಳನ್ನು ಬಿಚ್ಚಿ ಹಾಕಿಸುತ್ತಿದ್ದ ಮೇಟ್ರನ್ ಕೈಕೆಳಗೆ ಕಲಿತವಳು. ಪಂಡಿತರು ಹೆಬ್ಬೆರಳು ಜಜ್ಜಿಸಿಕೊಂಡು ಬಂದರು. ಏನು ಬಿತ್ತು ಎಂದು ಕೇಳಿದೆ.

"ಎರಡೂವರೆ ಕೆ.ಜಿ." ಎಂದರು.

"ಕಲ್ಲೇ, ಕಬ್ಬಿಣವೇ?"

"ಮಹಾಭಾರತ. ಮೊದಲ ಸಂಪುಟ ಮಾತ್ರ."

ನೋವು ಎಷ್ಟಿದೆ ಎಂದು ಕೇಳಿದ್ದಕ್ಕೆ ಸ್ವಲ್ಪ ಹೊತ್ತು ಯೋಚಿಸಿ, "ನಿನ್ನೆಗೆ ಹೋಲಿಸಿದರೆ ಕಮ್ಮಿ. ನಾಳೆಯದು ಗೊತ್ತಿಲ್ಲ" ಎಂದರು. ಅವರ ಸ್ವಭಾವವೇ ಅದು. ಕಣ್ಣಾರೆ ಕಾಣದ್ದನ್ನು ಕಂಡೆ ಎನ್ನುತ್ತಿರಲಿಲ್ಲ. ಬಸ್ಸು ಹೋಯಿತೇ ಎಂದು ಸ್ಟಾಪಿನಲ್ಲಿ ಕೇಳಿದರೆ, "ನಾನು ನೋಡಿದ ಬಸ್ಸು ಹೋಯಿತು. ನಿಮ್ಮದು ಅದೇನಾ ಗೊತ್ತಿಲ್ಲ" ಎನ್ನುವ ಮನುಷ್ಯ. ಹೈಸ್ಕೂಲಿನಲ್ಲಿ ಕನ್ನಡ ಪಂಡಿತರು, ತುಮಕೂರಿನ ಕಡೆಯವರು, ಮದುವೆಯಾಗಿರಲಿಲ್ಲ. ಇಂಥ ಖಚಿತ ಮಾತಿನವರು ನನಗೆ ಹಿಡಿಸುತ್ತಾರೆ. ಡ್ರೆಸ್ಸಿಂಗ್ ಮುಗಿಯುವ ಹೊತ್ತಿಗೆ ಶನಿವಾರ ಸಂಜೆಯ ಆಟಕ್ಕೆ ಕರೆದರು. ಹೋದೆ.

ಆ ಆಟದ ವಿಷಯ ಹೇಳಬೇಕು. ಪಂಡಿತರಿಗೆ ಕೋಟೆಗಳ ಗೀಳಿತ್ತು. ರಜೆ ಬಂದರೆ ಸುತ್ತಲಿನ ಬೆಟ್ಟ ಹತ್ತಿ ಪಾಳುಬಿದ್ದ ಬುರುಜುಗಳನ್ನು ನೋಡಿ ಬರುತ್ತಿದ್ದರು. ಕಾವ್ಯಗಳಲ್ಲಿ ಬರುವ ಕೋಟೆಗಳ ಮೇಲೆ ಅವರಿಗೆ ವಿಪರೀತ ಸಿಟ್ಟಿತ್ತು. "ಕಂದಕ ಇದೆ, ಕೊತ್ತಲ ಇದೆ, ಆನೆ ಇದೆ. ಒಬ್ಬ ಕವಿಯಾದರೂ ಕೋಟೆಯಲ್ಲಿ ಕಕ್ಕಸು ಎಲ್ಲಿತ್ತು ಅಂತ ಹೇಳಿದ್ದಾನಾ ಸಿಸ್ಟರ್? ಕಸ ಯಾರು ಗುಡಿಸ್ತಿದ್ದರು? ದೀಪದ ಎಣ್ಣೆ ಯಾರು ತಂದುಕೊಡ್ತಿದ್ದರು?" ಎಂದು ಮೇಜು ಕುಟ್ಟುತ್ತಿದ್ದರು. ಕೊನೆಗೆ ತಾವೇ ಒಂದು ಕೋಟೆ ಕಟ್ಟಿದರು. ಸ್ಕೂಲಿನಲ್ಲಿ ಸೀಮೆಸುಣ್ಣ ಮುಗಿದ ಮೇಲೆ ಉಳಿಯುವ ಮರದ ಪುಟ್ಟ ಪೆಟ್ಟಿಗೆಗಳೇ ಅದರ ಕೋಣೆಗಳು. ಒಂದರ ಮೇಲೊಂದು ಪೇರಿಸಿ, ಮೇಜಿನ ತುಂಬ ಹರಡಿದ್ದರು. ಪಗಡೆಯಲ್ಲಿ ಕಾಯಿ ನಡೆಯುತ್ತದೆ, ಮನುಷ್ಯ ಕೂತೇ ಇರುತ್ತಾನೆ. ಇಲ್ಲಿ ಮನುಷ್ಯನೇ ನಡೆಯಬೇಕು ಎನ್ನುವುದು ಅವರ ಹಟ. ಆಡುವವರು ಒಬ್ಬೊಬ್ಬರೂ ಒಂದೊಂದು ವೇಷ ಆರಿಸಿಕೊಳ್ಳಬೇಕು. ಕೋಟೆಯಲ್ಲಿ ಏನು ಕಾಣುತ್ತಿದೆ ಎಂದು ಪಂಡಿತರು ಹೇಳುವರು. ಏನು ಮಾಡುತ್ತೇನೆ ಎಂದು ನಾವು ಹೇಳುವುದು. ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದರೆ ಕವಡೆ ಎಸೆಯುವುದು.

ಆಂಡರ್ಸನ್‌ಪೇಟೆಯಲ್ಲಿ ಟೀ ಅಂಗಡಿ ಇಟ್ಟಿದ್ದ ಅರುಳ್ ರಾಜನಾದ. ನಾನು ಬಾಗಿಲು ಕಾಯುವವಳಾದೆ. ಸೂರ್ಯ ಮುಳುಗಿದ ಮೇಲೆ ರಾಜನನ್ನೂ ಒಳಗೆ ಬಿಡುತ್ತಿರಲಿಲ್ಲ. "ಇದೇನ್ ಸಿಸ್ಟರ್, ವಿಸಿಟಿಂಗ್ ಅವರ್ಸಾ?" ಎಂದು ಅರುಳ್ ಬೈಯುತ್ತಿದ್ದ. ಮೂರನೆಯವನು ಮುನಿಶಾಮಿ. ಕಾಮಸಮುದ್ರದ ಕಡೆಯ ರಾಗಿ ಹೊಲದಿಂದ ಬಂದು ಗಣಿಗೆ ಇಳಿದವನು. ಗಣಿಯ ಸಾಲುಮನೆಯೊಂದರಲ್ಲಿ ಹೆಂಡತಿ ಜಯಮ್ಮನೊಂದಿಗೆ ಇದ್ದ. ಯಾವ ವೇಷ ಬೇಕೆಂದು ಕೇಳಿದಾಗ ತೋಟಗಾರ ಎಂದ.

"ಯೋವ್, ಸೇನಾಪತಿ ಜಾಗ ಖಾಲಿ ಐತೆ. ತೋಟಗಾರನಿಗೆ ಕೋಟೇಲಿ ಏನಯ್ಯಾ ಕೆಲಸ?" ಎಂದ ಅರುಳ್.

"ನಂಗೆ ಬಿಸ್ಲಲ್ಲಿ ಮಾಡೋ ಕೆಲ್ಸ ಬೇಕು ಕಣಣ್ಣ" ಎಂದ ಮುನಿಶಾಮಿ.

ಆಟಕ್ಕೆ ನಿಯಮಗಳು ಬಹಳ ಇದ್ದವು. ಪಂಡಿತರು ಅವುಗಳನ್ನು ಒಂದಿಷ್ಟೂ ಸಡಿಲಿಸುತ್ತಿರಲಿಲ್ಲ. ಬಾರದೆ ಉಳಿದವನ ವೇಷ ಎಲ್ಲಿ ನಿಂತಿತ್ತೋ ಅಲ್ಲೇ ಇರಬೇಕು, ಬೇರೆಯವರು ಅವನನ್ನು ಕದಲಿಸುವಂತಿಲ್ಲ. ಇನ್ನೊಂದು ನಮ್ಮ ಊರಿಗೇ ಮಾಡಿದ ನಿಯಮ. ಏರ್ ಬ್ಲಾಸ್ಟ್ ಆಗಿ ಯಾವ ಪೆಟ್ಟಿಗೆ ಕೆಳಗೆ ಬೀಳುತ್ತದೋ ಆ ಕೋಣೆ ಹೋಯಿತು, ಅದರೊಳಗೆ ಇದ್ದವರೂ ಹೋದರು. "ಭೂಮಿಯೇ ಹೇಳಿದ ಮೇಲೆ ನಾನೇನು ಹೇಳಲಿ?" ಎನ್ನುತ್ತಿದ್ದರು. ಒಮ್ಮೆ ಹೆಬ್ಬಾಗಿಲೇ ಬಿದ್ದು ನಾನು ಸತ್ತೆ. ಎಲ್ಲರೂ ನಕ್ಕರು. ಮರುವಾರ ಅದೇ ಬಾಗಿಲವಳ ತಂಗಿಯಾಗಿ ಬಂದೆ.

ಕೋಟೆಯ ತುತ್ತತುದಿಯ ಪೆಟ್ಟಿಗೆ ಒಬ್ಬ ಪಂಡಿತನ ಓದುವ ಕೋಣೆ. ಅದರ ಬಗ್ಗೆ ಹೇಳುವಾಗ ಗಂಗಾಧರಯ್ಯನವರ ದನಿಯೇ ಬದಲಾಗುತ್ತಿತ್ತು. "ಬಾಗಿಲು ತಳ್ಳಿದಿರಿ. ಪುಸ್ತಕದ ರಾಶಿ ತಾಗಿ ಅದು ಅರ್ಧಕ್ಕೇ ನಿಂತಿತು. ಒಳಗೆ ದೀಪ ಇಲ್ಲ, ಭರಣಿಯಲ್ಲಿ ಮಿಂಚುಹುಳ ಇವೆ. ಮಸಿ ಕುಡಿಕೆಯಲ್ಲಿ ಒಂದು ಮೀನು ಸಾಕಿದ್ದಾನೆ, ಮಸಿ ಗಟ್ಟಿಯಾಗದ ಹಾಗೆ ಬಾಲ ಆಡಿಸೋದು ಅದರ ಕೆಲಸ. ಏಣಿಗೆ ಮೇಲಿನ ಮೆಟ್ಟಿಲುಗಳಿಲ್ಲ. ಮೇಲಿನ ಸಾಲಿನ ಪುಸ್ತಕ ಓದೋ ಯೋಗ್ಯತೆ ಇರೋರು ಇನ್ನೂ ಹುಟ್ಟಿಲ್ಲ ಅಂತ ಕಿತ್ತು ಹಾಕಿದ್ದಾನೆ. ಒಂದು ಗಿಳಿ ಇದೆ. ಅದಕ್ಕೆ ಕಲಿಸಿರೋ ಮಾತು ಒಂದೇ: ಆಧಾರ ಏನು?"

ಆ ಪಂಡಿತನನ್ನು ಒಂದು ಪ್ರಶ್ನೆ ಕೇಳಬಹುದಿತ್ತು. ಅವನು ನಿಜವನ್ನೇ ಹೇಳುವನು, ಪೂರ್ತಿಯಾಗಿ ಹೇಳುವನು. ಆದರೆ ಉತ್ತರ ಮುಗಿಯುವವರೆಗೆ ಕೇಳಿದವನು ಅಲ್ಲಿಂದ ಏಳುವಂತಿಲ್ಲ. ಸ್ವತಃ ರಾಜನೇ ಬಂದರೂ ಎಬ್ಬಿಸುವಂತಿಲ್ಲ. ಅದಕ್ಕೆ ಹೆದರಿ ಅರುಳ್ ಆ ಮೆಟ್ಟಿಲನ್ನೇ ಹತ್ತುತ್ತಿರಲಿಲ್ಲ. "ರಾಜನಿಗೆ ಸಂದೇಹ ಇರಕೂಡದು" ಎನ್ನುತ್ತಿದ್ದ.

ಒಂದು ಶನಿವಾರ ಮುನಿಶಾಮಿ ಹತ್ತಿದ. ಕೋಟೆಯ ಹೊರಗೆ ಶತ್ರು ಸೈನ್ಯ ಬಂದು ಬೀಡುಬಿಟ್ಟಿತ್ತು. ಸುರಂಗದ ದಾರಿ ಕೇಳುತ್ತಾನೆ ಎಂದು ನಾವು ಕಾದೆವು.

"ಬಡಗಲ ಅಂಗಳದಾಗೆ ಮಲ್ಲಿಗೆ ಬಳ್ಳಿ ಐತೆ ಸಾಮಿ. ಮೊಗ್ಗು ಬತ್ತದೆ. ಊವು ಮಾತ್ರ ಒಂದಿನಾನೂ ಕಾಣೆ. ಯಾಕೆ?" ಎಂದ.

ಅರುಳ್ ತಲೆ ಚಚ್ಚಿಕೊಂಡ. "ಬಾಗಿಲಿಗೆ ಶತ್ರು ಬಂದವ್ನೆ, ನೀನು ಮಲ್ಲಿಗೆ ಕೇಳ್ತೀಯೇನಯ್ಯಾ!"

"ಶತ್ರು ನಿಂದು, ಬಳ್ಳಿ ನಂದು. ನೀನು ನೋಡ್ಕೋ."

ಪಂಡಿತರಿಗೆ ಬಲು ಸಂತೋಷವಾಯಿತು. ಕಣ್ಣು ಮುಚ್ಚಿ, ಆ ಕೋಣೆಯ ಪಂಡಿತನಾಗಿ ಶುರುಮಾಡಿದರು: "ಕೂರು ಮಗನೇ. ಮೊದಲು ಮಣ್ಣು ಎಂದರೇನು ತಿಳಿದುಕೋ..." ಭೂಮಿ ಹುಟ್ಟಿದ್ದರಿಂದ ಹಿಡಿದು, ಕೆಮ್ಮಣ್ಣು ಕರಿಮಣ್ಣು ಬೇರೆಯಾಗುವಷ್ಟರಲ್ಲಿ ಕತ್ತಲಾಯಿತು. ಉಳಿದದ್ದು ಮುಂದಿನ ವಾರಕ್ಕೆ ಎಂದರು. ಮುನಿಶಾಮಿ ಚಪ್ಪಲಿ ಮೆಟ್ಟುತ್ತಾ, "ನಮ್ಮನೆ ಮುಂದ್ಲ ಬಳ್ಳೀನೂ ಅಂಗೇ ಸಾಮಿ. ನೀರಾಕಿ ನೀರಾಕಿ ಸಾಕಾಯ್ತು. ದಿಬ್ಬದ ಧೂಳಿಗೇ ಇರ್ಬೇಕು ಅಲ್ವಾ?" ಎಂದ. ಅದಿರು ಪುಡಿಮಾಡಿ ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ದಿಬ್ಬಗಳು ನಮ್ಮ ಊರ ಸುತ್ತ ಇವೆ. ಗಾಳಿ ಎದ್ದರೆ ಅದರ ಬಿಳಿ ಧೂಳು ಅನ್ನದ ತಟ್ಟೆಗೂ ಬೀಳುತ್ತಿತ್ತು. ಕೆಮ್ಮು ಬಂದರೂ, ಹಸು ಹಾಲು ಬತ್ತಿಸಿದರೂ ಜನ ಆ ದಿಬ್ಬವನ್ನೇ ಬೈಯುತ್ತಿದ್ದರು.

"ಆಧಾರ ಏನು?" ಎಂದರು ಪಂಡಿತರು, ಗಿಳಿಯ ದನಿಯಲ್ಲಿ. ಮುನಿಶಾಮಿ ನಗುತ್ತಾ ಹೋದ. ಮುಂದಿನ ಶನಿವಾರ ತನಗೆ ಎರಡನೇ ಪಾಳಿ, ಬರಲಾಗುವುದಿಲ್ಲ ಎಂದೂ ಹೇಳಿದ. "ನಾನು ಅಲ್ಲೇ ಕುಂತಿರ್ತೀನಿ, ಯಾರೂ ಎಬ್ಬಿಸ್ಬ್ಯಾಡಿ."

ಆ ಮುಂದಿನ ಶನಿವಾರ ನಾನು, ಅರುಳ್ ಇಬ್ಬರೇ ಆಡುತ್ತಿದ್ದೆವು. ಟೀ ಲೋಟ ಕೈಯಲ್ಲಿರುವಾಗ ನೆಲ ಒಮ್ಮೆ ಕೆಳಗಿನಿಂದ ಗುದ್ದಿದಂತಾಯಿತು. ಕಪಾಟಿನ ಹಗ್ಗ ಬಿಗಿದುಕೊಂಡು ಪುಸ್ತಕಗಳನ್ನು ತಡೆಯಿತು. ಮೇಜಿನ ಮೇಲೆ ತುತ್ತತುದಿಯ ಪೆಟ್ಟಿಗೆ ಓಲಾಡಿ, ನೆಲಕ್ಕೆ ಬಿತ್ತು. ಅಲ್ಲಿಯವರೆಗೆ ಅದು ಒಮ್ಮೆಯೂ ಬಿದ್ದಿರಲಿಲ್ಲ.

"ಪೋಚ್ಚು!" ಎಂದು ಅರುಳ್ ಕೇಕೆ ಹಾಕಿದ. "ಗಿಳೀನೂ ಹೋಯ್ತು, ತೋಟಗಾರನೂ ಪೋಚ್ಚು! ಬರಲಿ ಅವನು, ಈ ಸಲ ಸೇನಾಪತಿ ಮಾಡ್ತೀನಿ."

ಪಂಡಿತರು ನಗುತ್ತಲೇ ಪೆಟ್ಟಿಗೆಯನ್ನು ಎತ್ತಿ, ನಿಯಮದಂತೆ ಬೋರಲು ಹಾಕಿದರು. ಲೋಟ ತೊಳೆದಿಡುವಷ್ಟರಲ್ಲಿ ಆಸ್ಪತ್ರೆಯ ಜೀಪು ನನ್ನನ್ನು ಹುಡುಕಿಕೊಂಡು ಅಲ್ಲಿಗೇ ಬಂತು. ಹೋದೆ. ಗಣಿಯಿಂದ ಮೇಲಕ್ಕೆ ಹೊತ್ತು ತರಲಾದವರಲ್ಲಿ ಮುನಿಶಾಮಿಯೂ ಇದ್ದ. ಉಸಿರಿರಲಿಲ್ಲ. ಅವನ ಮುಖ ತೊಳೆದದ್ದು ನಾನೇ. ಮುಖಕ್ಕೆ ಗಾಯವಾಗಿರಲಿಲ್ಲ, ಕಿವಿಯೊಳಗೆ ಮಾತ್ರ ಮಣ್ಣು ತುಂಬಿತ್ತು.

ತಿಥಿ ಕಳೆದ ಮೇಲೆ ಜಯಮ್ಮ ನನ್ನ ಮನೆಗೆ ಬಂದು, ಪಂಡಿತರ ಹತ್ತಿರ ಕರೆದುಕೊಂಡು ಹೋಗಿ ಎಂದಳು. ಏನೋ ಅರ್ಜಿ ಬರೆಸಬೇಕಿರಬಹುದು ಎಂದುಕೊಂಡೆ. ಪಂಡಿತರ ಮನೆಯ ಹೊಸ್ತಿಲ ಬಳಿ ನಿಂತೇ ಕೇಳಿದಳು.

"ಸಾಮಿ, ಅವ್ರು ಅಲ್ಲೇ ಕುಂತವ್ರಾ?"

"ಎಲ್ಲಿ ತಾಯಿ?"

"ಅದೇ, ಗಿಳಿ ಐತಲ್ಲಾ, ಆ ರೂಮ್ನಾಗೆ. ಶನಿವಾರ ಮನೆಗೆ ಬಂದ್ರೆ ಎಲ್ಲಾ ಯೋಳೋರು. ಪಂಡಿತನ ತಾವ ಕುಂತಿವ್ನಿ, ಉತ್ರ ಮುಗಿಯೋಗಂಟ ಏಳಂಗಿಲ್ಲ ಅಂದಿದ್ರು. ಎಬ್ಸಿ ಕಳ್ಸಿ ಸಾಮಿ. ಉತ್ರ ಗಿತ್ರ ಏನೂ ಬ್ಯಾಡ. ತೋಟಕ್ಕೆ ಕಳ್ಸಿಬಿಡಿ. ಬಿಸ್ಲಲ್ಲಿ ಓಡಾಡ್ಕೊಂಡಿರ್ಲಿ."

ಮೇಜಿನ ಮೇಲೆ ಆ ಪೆಟ್ಟಿಗೆ ಬೋರಲಾಗಿಯೇ ಇತ್ತು. ಪಂಡಿತರು ಅದರತ್ತ ಕೈ ತೋರಿಸಿದರು.

"ಆ ಕೋಣೆ ಬಿತ್ತು ತಾಯಿ" ಎಂದರು. "ಬಿದ್ದ ಕೋಣೆಯಿಂದ ಯಾರನ್ನೂ ಎಬ್ಬಿಸೋ ಅಧಿಕಾರ ನನಗಿಲ್ಲ."

"ನೀವೇ ಮಾಡಿದ ಆಟ ಅಲ್ವಾ ಸಾಮಿ?"

"ಮಾಡಿದವನು ನಾನೇ. ಅದಕ್ಕೇ ಇಲ್ಲ."

ಜಯಮ್ಮ ಅಳಲಿಲ್ಲ. ಸೆರಗು ಹೊದ್ದು ಇಳಿದು ಹೋದಳು. ನಾನು ಉಳಿದೆ.

"ಬಂದ, ತೋಟಕ್ಕೆ ಹೋದ ಅಂತ ಒಂದು ಮಾತು ಅಂದಿದ್ದರೆ ನಿಮ್ಮ ಗಂಟೇನು ಹೋಗ್ತಿತ್ತು?" ಎಂದೆ.

"ಅಂದಿದ್ದರೆ ಆಕೆ ನಂಬ್ತಿದ್ದಳು ಸಿಸ್ಟರ್. ಅದೇ ಕಷ್ಟ."

"ಅದು ಮರದ ಡಬ್ಬ ಪಂಡಿತರೇ!"

"ನೀವು ಕೊಡದ ಔಷಧಿಯನ್ನ ಕೊಟ್ಟೆ ಅಂತ ಚಾರ್ಟಿನಲ್ಲಿ ಬರೀತೀರಾ? ರೋಗಿ ಹೇಗೂ ಸತ್ತಿದ್ದಾನೆ ಅಂತ?"

ಇಂಥ ಹೊತ್ತಿನಲ್ಲೂ ಸರಿಯಾದ ಹೋಲಿಕೆ ಹುಡುಕಿ ತೆಗೆಯುವ ಮನಸ್ಸನ್ನು ನೋಡಿ ಅಸಹ್ಯವಾಯಿತು. ನಿಯಮ ನನಗೂ ಗೊತ್ತು. ನನ್ನ ಇಡೀ ಬದುಕು ನಿಯಮದಲ್ಲೇ ಕಳೆದಿದೆ. ಆದರೆ ನಾನು ಕಲಿತ ನಿಯಮಗಳೆಲ್ಲ ಮಲಗಿದವರಿಗಾಗಿ ಇದ್ದವು, ಡಬ್ಬಗಳಿಗಾಗಿ ಅಲ್ಲ. ಅಂದು ಆ ಮನೆಯಿಂದ ಹೊರಬಿದ್ದವಳು ಮತ್ತೆ ಹೋಗಲಿಲ್ಲ. ಶನಿವಾರದ ಆಟವೂ ನಿಂತಿತು. ಜಯಮ್ಮ ಸಾಲುಮನೆ ಬಿಟ್ಟು ತವರಿಗೆ ಹೋದಳೆಂದು ಕೇಳಿದೆ. ಪಂಡಿತರು ರಸ್ತೆಯಲ್ಲಿ ಎದುರಾದರೆ ನಮಸ್ಕಾರ ಎನ್ನುತ್ತಿದ್ದರು. ನಾನೂ ನಮಸ್ಕಾರ ಎನ್ನುತ್ತಿದ್ದೆ. ಅಷ್ಟೇ.

ಅವರು ನಿವೃತ್ತರಾಗಿ ಬಂಗಾರಪೇಟೆಗೆ ಹೋದರು. ನಾನೂ ನಿವೃತ್ತಳಾದೆ. ತೊಂಬತ್ತರ ದಶಕ ಶುರುವಾಗಿತ್ತು. ಗಣಿಯ ಕೆಲಸ ಇಳಿಮುಖವಾಗಿ, ನೆಲ ನಡುಗುವುದೂ ಅಪರೂಪವಾಗಿತ್ತು. ಒಂದು ದಿನ ಅರುಳ್, "ಪಂಡಿತರಿಗೆ ಮೈ ಸರಿಯಿಲ್ಲ ಸಿಸ್ಟರ್, ನೀವು ಒಂದ್ಸಲ ಪೋಯಿ ನೋಡಿ" ಎಂದ. ಕೋಪವಿದ್ದರೂ ರೋಗಿಯನ್ನು ನೋಡದೆ ಇರುವುದು ನನ್ನ ಅಭ್ಯಾಸವಲ್ಲ.

ರೈಲ್ವೆ ಗೇಟಿನ ಪಕ್ಕ ಒಂದೇ ಕೋಣೆಯ ಮನೆ. ಪುಸ್ತಕಗಳು ಹಾಗೆಯೇ, ತೂಕದ ಪ್ರಕಾರ. ಹಗ್ಗವೂ ಇತ್ತು. "ಇಲ್ಲಿ ರೈಲು ಅಲ್ಲಾಡಿಸುತ್ತೆ" ಎಂದರು. ಮೇಜಿನ ಮೇಲೆ ಒಂದೇ ಒಂದು ಸೀಮೆಸುಣ್ಣದ ಪೆಟ್ಟಿಗೆ. ಬೋರಲಾಗಿ ಅಲ್ಲ, ನೆಟ್ಟಗೆ ನಿಂತಿತ್ತು.

"ಎತ್ತಿ ನಿಲ್ಲಿಸಿದ್ದೀರಿ" ಎಂದೆ.

ಮಂಚದ ಮೇಲೆ ಎದ್ದು ಕೂತು, ಉಬ್ಬಸದ ನಡುವೆ ಅವರು ಹೇಳಿದ್ದು ಇದು. ಕೋಣೆ ಬಿದ್ದರೆ ಒಳಗಿದ್ದವನು ಹೋದ ಎನ್ನುವುದು ನಿಯಮ. ಉತ್ತರ ಮುಗಿಯುವವರೆಗೆ ಕೇಳಿದವನನ್ನು ಯಾರೂ ಕದಲಿಸುವಂತಿಲ್ಲ ಎನ್ನುವುದೂ ನಿಯಮ. ಎರಡನೆಯದು ಮೊದಲು ಮಾಡಿದ್ದು, ಆದ್ದರಿಂದ ಅದೇ ಮೇಲು. ಭೂಮಿಗೂ ಅವನನ್ನು ಕದಲಿಸುವ ಅಧಿಕಾರವಿರಲಿಲ್ಲ. ಮುನಿಶಾಮಿ ಇನ್ನೂ ಕೂತಿದ್ದಾನೆ. ಉತ್ತರ ಮುಗಿದ ದಿನ ಎದ್ದು ತೋಟಕ್ಕೆ ಹೋಗುತ್ತಾನೆ. ಇದು ಅವರಿಗೆ ಹೊಳೆದದ್ದು ಜಯಮ್ಮ ಬಂದು ಹೋದ ಮೇಲೆ. ಅಂದಿನಿಂದ ಪ್ರತಿ ಶನಿವಾರ ಸಂಜೆ ಆ ಪೆಟ್ಟಿಗೆಯ ಮುಂದೆ ಕೂತು, ಬಿಟ್ಟಲ್ಲಿಂದ ಉತ್ತರ ಮುಂದುವರಿಸುತ್ತಿದ್ದರಂತೆ. ಮಣ್ಣು ಮುಗಿಯಿತು, ನೀರು ಮುಗಿಯಿತು, ಬೇರು, ಎಲೆ, ಗೊಬ್ಬರ, ಹುಳ ಎಲ್ಲವೂ ಮುಗಿದವು.

"ಹಾಗಾದರೆ ಮುಗಿಸಿಬಿಡಿ. ದಿಬ್ಬದ ಧೂಳು ಅನ್ನಿ" ಎಂದೆ.

"ಅದೂ ಅಲ್ಲ ಸಿಸ್ಟರ್. ಆಕೆ ಮನೆ ಬಿಟ್ಟ ಮೇಲೆ ಹೋಗಿ ನೋಡಿ ಬಂದೆ. ಹೊಸದಾಗಿ ಬಂದವರ ಕಾಲಕ್ಕೆ ಅದೇ ಬಳ್ಳಿ ಮೈತುಂಬ ಹೂ ಬಿಟ್ಟು ನಿಂತಿದೆ. ಅದೇ ಮಣ್ಣು, ಅದೇ ನೀರು, ಅದೇ ಧೂಳು. ಮುನಿಶಾಮಿಗೆ ಮಾತ್ರ ಯಾಕೆ ಬಿಡಲಿಲ್ಲ?"

"ಜಯಮ್ಮನನ್ನ ಕೇಳಿ."

ಅವರು ಕಿಟಕಿಯ ಕಡೆ ತಿರುಗಿದರು. "ಆಕೆ ಬಾಗಿಲಿಗೆ ಬಂದು ಒಂದು ಕೇಳಿದ್ದಕ್ಕೆ ಇಲ್ಲ ಅಂದವನು ನಾನು. ಈಗ ನಾನು ಹೋಗಿ ಆಕೆಯನ್ನ ಕೇಳಲಾ? ಉತ್ತರ ಪೂರ್ತಿ ಮಾಡಿಕೊಂಡೇ ಹೋಗ್ತೀನಿ."

ಅದು ನಾಚಿಕೆಯೋ ಬಿಂಕವೋ ನನಗೆ ಇವತ್ತಿಗೂ ತಿಳಿದಿಲ್ಲ. ಔಷಧಿಯ ಹೊತ್ತು ಬರೆದು ಗೋಡೆಗೆ ಅಂಟಿಸಿ ಬಂದೆ.

ಹತ್ತಿರದವರು ಯಾರೂ ಇಲ್ಲದ ಕಾರಣ ಅವರು ತೀರಿಕೊಂಡ ಸುದ್ದಿ ತಡವಾಗಿ ತಲುಪಿತು. ನಾನು ಹೋಗುವಷ್ಟರಲ್ಲಿ ಮನೆಯ ಯಜಮಾನರು ಕೋಣೆಗೆ ಸುಣ್ಣ ಹೊಡೆಸಿದ್ದರು. ಪುಸ್ತಕಗಳನ್ನು ರದ್ದಿಯವನು ಒಯ್ದಿದ್ದ. "ಪಾಪ, ಪಂಡಿತರು ಬಲೇ ಅಚ್ಚುಕಟ್ಟು. ತೂಕ ಹಾಕೋಕೆ ಅಂತಲೇ ಜೋಡಿಸಿಟ್ಟಂಗಿತ್ತು" ಎಂದರು ಅವರು, ಮೆಚ್ಚಿಕೊಂಡೇ. ಪೆಟ್ಟಿಗೆಯನ್ನು ಕೇಳಿದೆ. ಬಚ್ಚಲ ಒಲೆಗೆ ಹಾಕಿದರಂತೆ.

ಬಸ್ ಸ್ಟ್ಯಾಂಡಿಗೆ ನಡೆದು ಬಂದೆ. ಕಾಮಸಮುದ್ರದ ಬಸ್ಸು ನಿಲ್ಲುವ ಕಡೆ ಹೂವಿನವರ ಸಾಲು. ಅದರಲ್ಲೊಬ್ಬಳು ನನ್ನನ್ನು ನೋಡಿ ಎದ್ದು ನಿಂತಳು. "ಸಿಸ್ಟ್ರೇ, ಗುರುತು ಸಿಗ್ಲಿಲ್ವಾ?"

ಜಯಮ್ಮ. ಕೂದಲು ನರೆತಿತ್ತು, ಮುಂದೆ ಬುಟ್ಟಿಯ ತುಂಬ ಮಲ್ಲಿಗೆ ಮೊಗ್ಗು. ಬಹಳ ವರ್ಷಗಳಿಂದ ಅಲ್ಲೇ ಕೂರುತ್ತಾಳಂತೆ. ಪಂಡಿತರು ಹೋದ ಸುದ್ದಿ ಹೇಳಿದೆ.

"ದಿನಾ ನೋಡ್ತಿದ್ದೆ" ಎಂದಳು. "ನನ್ನ ಕಂಡ್ರೆ ತಲೆ ಬಗ್ಗಿಸ್ಕೊಂಡು ಆ ಕಡೆ ಓಗ್ಬಿಡೋರು. ಒಂದಿನಾನೂ ಮಾತಾಡ್ಸಿದ್ದಿಲ್ಲ."

ನಾನು ಎಲ್ಲವನ್ನೂ ಹೇಳಿದೆ. ನೆಟ್ಟಗೆ ನಿಂತ ಪೆಟ್ಟಿಗೆ, ಶನಿವಾರದ ಉತ್ತರ, ಮುನಿಶಾಮಿ ಇನ್ನೂ ಕೂತಿರುವುದು, ಹೊಸಬರ ಕಾಲದಲ್ಲಿ ಹೂಬಿಟ್ಟ ಬಳ್ಳಿ. ಕೇಳುತ್ತಾ ಕೇಳುತ್ತಾ ಅವಳ ಕೈ ಹೂ ಕಟ್ಟುವುದನ್ನು ನಿಲ್ಲಿಸಿತು.

"ಅದಕ್ಕೇನಾ ನಮ್ಮೋರು ಅಷ್ಟು ವರ್ಷ ಕುಂತಿದ್ದು?" ಎಂದಳು. "ನಾನೇ ಕೀಳ್ತಿದ್ದೆ ಸಿಸ್ಟ್ರೇ. ಬೆಳಕರಿಯೋಕ್ ಮುಂಚೆ ಎದ್ದು ಬಲಿತ ಮೊಗ್ಗೆಲ್ಲಾ ಬಿಡ್ಸಿ, ಪಕ್ಕದ್ಮನೆ ಅಜ್ಜಿ ಕೈಲಿ ಮಾರ್ಕೆಟ್ಟಿಗೆ ಕಳಿಸ್ತಿದ್ದೆ. ಅವ್ರಿಗೆ ಗೊತ್ತಿರ್ಲಿಲ್ಲ. ಗೊತ್ತಾಗಿದ್ರೆ ಬಿಡ್ತಿರ್ಲಿಲ್ಲ. ನಾನು ಪಾತಾಳಕ್ಕಿಳ್ದು ದುಡೀತೀನಿ, ನನ್ನೆಂಡ್ರು ಊವ ಮಾರ್ಬೇಕಾ ಅನ್ನೋರು."

"ಅವತ್ತು ಪಂಡಿತರಿಗೆ ಉತ್ತರ ಬೇಡ ಅಂದೆಯಲ್ಲ..."

"ದೊಡ್ಡೋರಲ್ವಾ, ಎಲ್ಲಿ ಕಂಡಿಡಿದುಬಿಡ್ತಾರೋ ಅಂತ ಎದ್ರಿಕೆ. ನಮ್ಮೋರ ಎದ್ರುಗೆ ಮಾನ ಓಗ್ತದಲ್ಲಾ, ಸತ್ತೋರಾದ್ರೂನು." ಬುಟ್ಟಿಯ ಮೇಲೆ ನೀರು ಚಿಮುಕಿಸಿದಳು. "ಇವಾಗ ಯೋಳ್ತೀನಿ ಬಿಡಿ. ಯಾರ್ಗೆ ಯೋಳ್ಬೇಕು?"

ಯಾರಿಗೆ ಹೇಳಬೇಕಿತ್ತೋ ಅವರು ಆ ಬುಟ್ಟಿಯ ಮುಂದೆಯೇ ದಿನವೂ ತಲೆತಗ್ಗಿಸಿಕೊಂಡು ಓಡಾಡಿದ್ದರು.

"ನೀವೇ ಅನ್ನಿ ಸಿಸ್ಟ್ರೇ. ಮುಗೀತು, ಎದ್ದು ಬಾ ಅನ್ನಿ. ನೀವೂ ಆಡ್ತಿದ್ರಲ್ಲಾ."

ನಾನು ಬಾಗಿಲು ಕಾಯುವವಳು. ಮೇಲಿನ ಕೋಣೆಯಲ್ಲಿ ಉತ್ತರ ಮುಗಿಯಿತೆನ್ನುವ ಅಧಿಕಾರ ಒಬ್ಬರಿಗೇ ಇತ್ತು. ಅವರು ಹೋದರು, ಕೋಣೆ ಒಲೆಗೆ ಹೋಯಿತು. ಹಿಂದೆ ಯಾವ ಮಾತನ್ನು ಆಡಲಿಲ್ಲವೆಂದು ಪಂಡಿತರನ್ನು ಬೈದಿದ್ದೆನೋ ಅದೇ ಮಾತು ಈಗ ನನ್ನ ಬಾಯಿಂದ ಹೊರಡಲಿಲ್ಲ. ಜಯಮ್ಮ ಕಾದಳು. ಆಮೇಲೆ ಏನೂ ಆಗಿಲ್ಲವೆಂಬಂತೆ ಮೊಳಕೈಗೆ ಹಿಡಿದು ಒಂದು ಮೊಳ ಹೂ ಅಳೆದು, ದಾರ ಹರಿದು, ಎಲೆಯಲ್ಲಿ ಸುತ್ತಿ ನನ್ನ ಮಡಿಲಿಗೆ ಹಾಕಿದಳು.

ನಾನು ಹೂ ಮುಡಿಯುವವಳಲ್ಲ. ಕೆ.ಜಿ.ಎಫ್. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ದಿಬ್ಬಗಳ ಕಡೆಯಿಂದ ಗಾಳಿ ಎದ್ದು ಕಿಟಕಿಯೊಳಗೆ ಬಿಳಿ ಧೂಳು ಬಂತು. ಆಂಡರ್ಸನ್‌ಪೇಟೆಯಲ್ಲಿ ಇಳಿಯುವಾಗ ಎಲೆ ಬಿಚ್ಚಿ ನೋಡಿದೆ. ಆ ಧೂಳಿನಲ್ಲೇ ಮೊಗ್ಗುಗಳೆಲ್ಲ ಬಿರಿದಿದ್ದವು.